ಒಳಗೆ ಒಬ್ಬರಾದರೂ ನಮ್ಮವರು

"ಅಕ್ಕಾ, ಹೆರಿಗಿ ಖೋಲಿಯೊಳಗ ನಮ್ಮವ್ವನ್ನ ಬಿಡ್ತಾರೇನ್ರಿ?"

ಪಕ್ಕದ ಮನೆಯ ಹುಡುಗಿ ಮೊನ್ನೆ ಸಂಜೆ ಹೀಗೆ ಕೇಳಿದಾಗ ಕೈಯಲ್ಲಿದ್ದ ಬಸಳೆಯ ಕಟ್ಟು ಹಾಗೇ ಉಳಿಯಿತು. ಮುಂಬಯಿಯ ಜೋಗೇಶ್ವರಿ ಪೂರ್ವದ ನಮ್ಮ ಚಾಳಿನಲ್ಲಿ ಬೇಲಿ ಎಂಬುದಿಲ್ಲ. ಎರಡು ಮನೆಗಳ ನಡುವೆ ಸೊಂಟದೆತ್ತರದ ಒಂದು ಗೋಡೆ ಇದೆ. ಅದರ ಆ ಬದಿ ಅವಳ ತುಳಸಿ, ಈ ಬದಿ ನನ್ನ ಮೊರ. ನಳ್ಳಿಯಲ್ಲಿ ನೀರು ಬರುವ ತನಕ ಇಬ್ಬರಿಗೂ ಪುರುಸೊತ್ತು. ಅವಳು ಅಕ್ಕಲಕೋಟೆಯ ಕಡೆಯವಳು, ನಾನು ಉಡುಪಿಯ ಕಡೆಯವಳು. ಅವಳ ಕನ್ನಡಕ್ಕೂ ನನ್ನ ಕನ್ನಡಕ್ಕೂ ಘಟ್ಟವೇ ಅಡ್ಡ ನಿಂತಿದ್ದರೂ, ಮರಾಠಿ, ಹಿಂದಿ, ಗುಜರಾತಿಯ ಈ ಸಂದಣಿಯಲ್ಲಿ ನಮಗೆ ನಾವೇ ಊರಿನವರು.

ಅವಳಿಗೆ ಏಳು ತುಂಬಿ ಎಂಟರಲ್ಲಿ ನಡೆಯುತ್ತಿದೆ. ಈಚೆಗಷ್ಟೇ ಕುಬಸ ಆಯಿತು. ಹಸಿರು ಸೀರೆ ಉಡಿಸಿ, ಮೊಣಕೈವರೆಗೆ ಹಸಿರು ಬಳೆ ತೊಡಿಸಿದೆವು. ಚಾಳಿನ ಮರಾಠಿ ಹೆಂಗಸರು ತಮ್ಮ ಡೋಹಾಳೆ ಜೇವಣದ ಪದ್ಧತಿಯಂತೆ ಎರಡು ಬಟ್ಟಲು ಮುಚ್ಚಿಟ್ಟು, ಒಂದರ ಕೆಳಗೆ ಪೇಢೆ, ಇನ್ನೊಂದರ ಕೆಳಗೆ ಬರ್ಫಿ ಇಟ್ಟು ಆರಿಸು ಎಂದರು. ಪೇಢೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು ಎಂದು ಅವರ ಆಟ. ಬರ್ಫಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಜನ ಹೆಂಗಸರು ಸುತ್ತ ಕೂತಿದ್ದ ಆ ದಿನ ಅವಳ ಮುಖ ಎಷ್ಟು ಗೆಲುವಾಗಿತ್ತು! ಈಗ ಕೇಳುತ್ತಿರುವುದು ಅದರ ಮುಂದಿನ ಮಾತು. ಇಷ್ಟೆಲ್ಲ ಜನರಲ್ಲಿ ಹಡೆಯುವ ಹೊತ್ತಿಗೆ ನನ್ನ ಬಳಿ ಯಾರು ನಿಲ್ಲುತ್ತಾರೆ ಎಂದು.

"ಬ್ಯಾನಿ ತಿನ್ನೂದಕ್ಕ ನಾ ಹೆದರೂದಿಲ್ಲರೀ ಅಕ್ಕಾ. ಒಬ್ಬಾಕಿನೇ ಇರೂದಕ್ಕ ಹೆದರಿಕಿ ಬರ್ತದ."

ಈ ಮಾತು ನನ್ನ ಎದೆಗೆ ನೇರ ತಾಗಿತು. ನನ್ನ ಮಗಳು ಹುಟ್ಟುವಾಗ ನನಗೂ ಆದದ್ದು ಇದೇ. ನೋವು ಬಹಳ ಬೇಗ ಮರೆತುಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು, ಅದು ನಿಜ. ಆದರೆ ಆ ಒಂಟಿತನ ಮಾತ್ರ ಇವತ್ತಿಗೂ ಮರೆತಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡುವ ಮೊದಲು, ಮುಂಬಯಿಯ ನಮ್ಮವರು ಬಸುರಿಯರನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ ಘಟ್ಟ ಹತ್ತಿಸಿ ಇಳಿಸಿ ಊರಿಗೆ ಮುಟ್ಟಿಸುತ್ತಿದ್ದರು. ಆ ಬಸ್ಸಿನ ಕುಲುಕಾಟ ನೆನೆದು ಈಗಲೂ ನಿಟ್ಟುಸಿರು ಬಿಡುವ ಅಜ್ಜಿಯರು ನಮ್ಮ ಸಂಘದ ಭಜನೆಗೆ ಬರುತ್ತಾರೆ. ನನ್ನ ಸರದಿ ಬರುವಾಗ ರೈಲಿತ್ತು. ಆದರೆ ಮಳೆಗಾಲ, ಹಳಿಯ ಮೇಲೆ ಗುಡ್ಡ ಜರಿಯುವ ಸುದ್ದಿ ದಿನಾ ಬರುತ್ತಿತ್ತು. ಮೇಲಾಗಿ ನನಗೆ ಬಿ.ಪಿ. ಸ್ವಲ್ಪ ಏರಿತ್ತು. ಪ್ರಯಾಣ ಬೇಡವೆಂದರು ಡಾಕ್ಟರು. ಹಾಗಾಗಿ ನಾನು ತವರಿಗೆ ಹೋಗುವ ಬದಲು ತವರೇ ಇಲ್ಲಿಗೆ ಬಂತು. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಅಮ್ಮ ಬಂದಿಳಿದರು. ಬಾಣಂತಿಯ ಲೇಹ್ಯದ ಭರಣಿ, ಹಳೆಯ ಹತ್ತಿ ಸೀರೆಯ ತುಂಡುಗಳು, ತೆಂಗಿನೆಣ್ಣೆಯ ಡಬ್ಬ, ಮಗುವಿಗೆಂದು ಬಜೆಯ ಬೇರು. ಅಮ್ಮ ಕಟ್ಟಿ ತಂದ ಆ ಗಂಟಿನಲ್ಲಿ ಎಲ್ಲಕ್ಕೂ ಮದ್ದಿತ್ತು.

ಬೇನೆ ಶುರುವಾದದ್ದು ರಾತ್ರಿ ಊಟದ ಹೊತ್ತಿಗೆ. ಮೊದಲು ಸೊಂಟದಲ್ಲಿ ಒಂದು ಎಳೆತ, ಅದು ನಿಧಾನವಾಗಿ ಸುತ್ತಿ ಮುಂದೆ ಬಂದು ಹೊಟ್ಟೆ ಕಲ್ಲಾಗುವುದು, ಆಮೇಲೆ ಸಡಿಲಾಗುವುದು. ನಡುವೆ ಏನೂ ಆಗಿಲ್ಲವೆಂಬಂತೆ ಬಿಡುವು. ಅಮ್ಮ ಗೋಡೆಗೆ ಒರಗಿ ಕೂತು ಗಡಿಯಾರ ನೋಡುತ್ತಾ ಬೆನ್ನುಜ್ಜಿದರು. "ನಡೆದಾಡು, ನಡೆದಾಡಿದರೆ ಹೋಗುವ ನೋವು ಸುಳ್ಳು ನೋವು" ಎಂದರು. ಹೋಗಲಿಲ್ಲ, ಹತ್ತಿರ ಹತ್ತಿರ ಬರತೊಡಗಿತು. ರಿಕ್ಷಾ ತಂದರು. ಪೂರ್ತಿ ಪಡುವಣ ಉಪನಗರಕ್ಕೆ ಹೆಸರುವಾಸಿಯಾದ ಹೊಂಡಗಳ ಮೇಲೆ ಆ ರಿಕ್ಷಾದವನು ಎಷ್ಟು ಜೋಪಾನವಾಗಿ ಓಡಿಸಿದ ಎಂದರೆ, ಅವನ ಮುಖ ನೋಡದಿದ್ದರೂ ಅವನಿಗಾಗಿ ಇವತ್ತಿಗೂ ದೇವರಲ್ಲಿ ಕೇಳಿಕೊಳ್ಳುತ್ತೇನೆ.

ಆಸ್ಪತ್ರೆಯ ಹೆಸರು ಬೇಡ. ಕೇಸ್ ಪೇಪರ್ ಮಾಡಿಸಿದರು, ಬಳೆ, ಕಿವಿಯದು, ಕುತ್ತಿಗೆಯದು ಎಲ್ಲ ಬಿಚ್ಚಿಸಿ ಅಮ್ಮನ ಕೈಗೆ ಕೊಟ್ಟರು, ಹಸಿರು ಗೌನು ತೊಡಿಸಿದರು. ಎರಡು ರೆಕ್ಕೆಯ ಬಾಗಿಲು ತೆರೆಯಿತು, ನಾನು ಒಳಗೆ, ಅಮ್ಮ ಹೊರಗೆ. "ರಿಷ್ತೇದಾರ್ ಬಾಹರ್" ಎಂದು ಕಾವಲಿನವನು ಹೇಳಿದ್ದು ಅಮ್ಮನಿಗೆ ಅರ್ಥವಾಗಲಿಲ್ಲ, ಅವನು ಅಡ್ಡ ಹಿಡಿದ ಕೈಯ ಅರ್ಥ ಆಯಿತು. ಬೆಳಗಿನವರೆಗೆ ಅಮ್ಮ ಆ ಓಣಿಯ ನೆಲದ ಮೇಲೆ, ನನ್ನ ಬಳೆಗಳ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ.

ಒಳಗೆ ಸಾಲು ಮಂಚಗಳು. ಸಿಸ್ಟರ್ ಇಬ್ಬರೇ, ನಾವು ಹೆರುವವರು ಎಷ್ಟೋ ಮಂದಿ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಒಂದು ಕಡೆ ತಲೆ ಕಾಣಿಸಿತೆಂದು ಓಡಿದರೆ ಇನ್ನೊಂದು ಕಡೆ ಸಲೈನ್ ಮುಗಿದಿರುತ್ತಿತ್ತು. ಆದರೆ ಕೂಗಿದಾಗ ಬಂದ ಗದರಿಕೆ, ಒಳಗೆ ಕೈ ಹಾಕಿ ನೋಡುವಾಗ ಒಂದು ಮಾತೂ ಹೇಳದ ಆ ಮೌನ, ಇವು ಬೇಕಿರಲಿಲ್ಲ. "ದೋನ್ ಬೋಟ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಎರಡು ಬೆರಳು ಎಂದರೇನು, ಇನ್ನೆಷ್ಟು ಬೆರಳು ಬೇಕು, ಬೆಳಗಾಗುತ್ತದೆಯೇ, ಕೇಳುವುದು ಯಾರನ್ನು? ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮರಾಠಿ, ಹಿಂದಿ ನನಗೆ ಬರುತ್ತಿತ್ತು. ಬೇನೆ ಏರಿದ ಹಾಗೆ ಅವೆರಡೂ ಎಲ್ಲಿ ಹೋದವೋ. ಬಾಯಿಗೆ ಬಂದದ್ದು ಅಮ್ಮ ಮಾತ್ರ.

ಪಕ್ಕದ ಮಂಚದಲ್ಲಿ ಬೆಹರಾಂ ಬಾಗಿನ ಒಬ್ಬಳು ಮುಸಲ್ಮಾನ ಹುಡುಗಿ. ಅವಳಿಗೂ ಚೊಚ್ಚಲು. ಯಾವುದೋ ಹೊತ್ತಿನಲ್ಲಿ ಎರಡು ಮಂಚಗಳ ನಡುವಿನ ಸಂದಿಯಲ್ಲಿ ನಮ್ಮ ಕೈ ಕೂಡಿತು. ಅವಳಿಗೆ ಬಂದಾಗ ಅವಳು ಹಿಂಡಿದಳು, ನನಗೆ ಬಂದಾಗ ನಾನು. ಅವಳನ್ನು ಮೊದಲು ಒಯ್ದರು, ಕೈ ಬಿಟ್ಟುಹೋಯಿತು. ಆಮೇಲೆ ಒಬ್ಬರು ಮಾವಶಿ ಬಂದರು, ನೆಲ ಒರೆಸುವ ಆಯಾ. ನಡುವಯಸ್ಸು, ಹಣೆಯಲ್ಲಿ ದೊಡ್ಡ ಕುಂಕುಮ. ಒರೆಸುವ ಕೋಲು ಗೋಡೆಗೆ ಒರಗಿಸಿ, ಕೈ ತೊಳೆದು ಬಂದು, ನನ್ನ ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿದರು. ಅಮ್ಮ ಮನೆಯಲ್ಲಿ ಒತ್ತಿದ ಜಾಗವೇ ಅದು. "ಹೋಈಲ ಬಾಳಾ, ಹೋಈಲ" ಎಂದರು, ಆಗುತ್ತದೆ ಮಗಾ ಎಂದು. ಉಸಿರು ಹೇಗೆ ಬಿಡಬೇಕೆಂದು ತಾವೇ ಬಿಟ್ಟು ತೋರಿಸಿದರು. ಅವರ ಕೆಲಸ ಅದಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತು ಬಿಗಿದು ಕಟ್ಟಿದ್ದ ನನ್ನ ಮೈ ಅಲ್ಲಿಂದ ಸಡಿಲಾಯಿತು, ಬೆಳಕು ಹರಿಯುವ ಮೊದಲು ಮಗಳು ಬಂದಳು. ಸಿಸ್ಟರ್ ಮಗುವನ್ನು ಎತ್ತಿ ತೋರಿಸಿ "ಬೋಲೋ, ಕ್ಯಾ ಹೈ?" ಎಂದು ನನ್ನ ಬಾಯಿಂದಲೇ ಹೇಳಿಸಿದರು. ಮಗು ಅದಲುಬದಲಾಗದಿರಲೆಂದು ಅವರ ಪದ್ಧತಿ. "ಹುಡುಗಿ" ಎಂದೆ ಕನ್ನಡದಲ್ಲಿ. ಅವರಿಗೆ ಅರ್ಥವಾಯಿತು.

ಇದನ್ನೆಲ್ಲ ಗೋಡೆಯಾಚೆಯ ಹುಡುಗಿಗೆ ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಹೇಳಿದೆ. ಮುಚ್ಚಿಟ್ಟು ಕಳಿಸಿದರೆ ಅಲ್ಲಿ ಹೋಗಿ ಇನ್ನಷ್ಟು ಹೆದರುತ್ತಾಳೆ.

ಅವಳೆಂದಳು: "ಹಂಗಂದ್ರ ನಮ್ಮೂರಾಗ ಮನ್ಯಾಗ ಹಡಿಯೂದೇ ಚಲೋ ಇತ್ತೇನೊ. ನಮ್ಮಾಯಿ ಎಂಟು ಮಂದೀನ ಮನ್ಯಾಗ ಹಡದಾಳ."

"ಎಷ್ಟು ಉಳಿದ್ವು?" ಎಂದೆ.

ಅವಳು ಸುಮ್ಮನಾದಳು. "ಐದರೀ."

ಅದಕ್ಕೇ ಮಾರಾಯ್ತಿ, ಆಸ್ಪತ್ರೆ ಬೇಡ ಎಂದು ಮಾತ್ರ ಯಾರೂ ಹೇಳಬಾರದು. 1992–93ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಈ ದೇಶದಲ್ಲಿ ನೂರು ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು 26. 2019–21ರ ಸಮೀಕ್ಷೆಯಲ್ಲಿ ಅದು 89, ಕರ್ನಾಟಕದಲ್ಲಂತೂ 97. ಒಂದು ಲಕ್ಷ ಹೆರಿಗೆಗೆ 1997–98ರಲ್ಲಿ ಸುಮಾರು 400 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ ಅದು 97ಕ್ಕೆ ಇಳಿಯಿತು. ಆಸ್ಪತ್ರೆಯೊಂದರಿಂದಲೇ ಆಯಿತೆನ್ನಲಾರೆ, ಊಟ, ಓದು, ರಸ್ತೆ ಎಲ್ಲವೂ ಸೇರಿದೆ. ಆದರೆ ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಗರ್ಭಕೋಶ ಬಿಗಿಯುವ ಸೂಜಿ, ರಕ್ತದ ಬಾಟಲಿ, ಆಪರೇಷನ್ ಕೋಣೆ ಇರುವುದು ಆಸ್ಪತ್ರೆಯಲ್ಲೇ. ನನ್ನಂತೆ ಬಿ.ಪಿ. ಏರಿದವಳು ಮನೆಯಲ್ಲಿ ಹೆತ್ತಿದ್ದರೆ ಏನಾಗುತ್ತಿತ್ತೋ.

ಹಾಗೆಂದು ಹಳಬರಿಗೆ ಏನೂ ಗೊತ್ತಿರಲಿಲ್ಲ ಎಂದೂ ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ದವಾಖಾನೆಯ ದಾರಿಯೇ ಇಲ್ಲದ ಊರುಗಳಲ್ಲಿ ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕಾಲದ ಸೂಲಗಿತ್ತಿಯರಲ್ಲಿ ರಕ್ತದ ಬಾಟಲಿ ಇರಲಿಲ್ಲ. ಆದರೆ ಬೇನೆ ಶುರುವಾದಲ್ಲಿಂದ ಮಾಸು ಬೀಳುವ ತನಕ ಹೆರುವವಳ ಬಳಿಯಿಂದ ಏಳುತ್ತಿರಲಿಲ್ಲ. ನಾವು ಮನೆಯಿಂದ ಆಸ್ಪತ್ರೆಗೆ ಬರುವಾಗ ಬಿಟ್ಟು ಬಂದದ್ದು ಇದೊಂದನ್ನು. ಇದನ್ನು ಬಿಡಬೇಕಾದ ಅಗತ್ಯವೇ ಇರಲಿಲ್ಲ.

ಇದು ನನ್ನೊಬ್ಬಳ ಹಳಹಳಿ ಎಂದುಕೊಳ್ಳಬೇಡಿ. ನನ್ನ ಅಣ್ಣನ ಮಗಳು ಮಣಿಪಾಲದಲ್ಲಿ ನರ್ಸಿಂಗ್ ಓದಿದವಳು. ನನ್ನ ಆ ಮಾವಶಿಯ ಕಥೆ ಕೇಳಿದಾಗ ಅವಳು ಗ್ವಾಟೆಮಾಲಾ ಎಂಬ ದೇಶದ ಒಂದು ಆಸ್ಪತ್ರೆಯ ವಿಷಯ ಹೇಳಿದಳು. ಅಲ್ಲಿಯೂ ಹೆರುವವರನ್ನು ಒಂಟಿಯಾಗಿ ಬಿಡುವ ರೂಢಿಯಿತ್ತಂತೆ. ಸೋಸಾ, ಕೆನೆಲ್, ಕ್ಲಾಸ್ ಮೊದಲಾದ ಡಾಕ್ಟರುಗಳು ಕೆಲವು ಹೆಂಗಸರ ಪಕ್ಕದಲ್ಲಿ ಒಬ್ಬೊಬ್ಬ ಸಾಮಾನ್ಯ ಹೆಂಗಸನ್ನು ನಿಲ್ಲಿಸಿ ನೋಡಿದರು. ಬೆನ್ನುಜ್ಜುವುದು, ಕೈ ಹಿಡಿಯುವುದು, ಮಾತಾಡುವುದು, ಅಷ್ಟೇ ಅವಳ ಕೆಲಸ. ಹೆರುವವಳಿಗೆ ಅವಳ ಗುರುತೂ ಇರಲಿಲ್ಲ. 1980ರಲ್ಲಿ ಅದರ ಫಲ ಪ್ರಕಟವಾಯಿತು. ಒಂಟಿಯಾಗಿದ್ದವರಿಗೆ ದಾಖಲಾದಲ್ಲಿಂದ ಹೆರಿಗೆಯವರೆಗೆ ಸರಾಸರಿ 19 ತಾಸು ಮೀರಿ ಹಿಡಿದಿತ್ತು, ಜೊತೆಗಾತಿ ಇದ್ದವರಿಗೆ 9 ತಾಸಿನೊಳಗೆ ಆಗಿತ್ತು. ಅದು ಸಣ್ಣ ಅಧ್ಯಯನ. ಆದರೆ ಆಮೇಲೆ 17 ದೇಶಗಳಲ್ಲಿ ನಡೆದ 26 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು, 2017ರಲ್ಲಿ ಕೊಕ್ರೇನ್ ಎಂಬ ಸಂಸ್ಥೆಯವರು ಒಟ್ಟಿಗಿಟ್ಟು ನೋಡಿದಾಗಲೂ ದಿಕ್ಕು ಅದೇ ಇತ್ತು. ಬಿಡದೆ ಜೊತೆ ಇದ್ದರೆ ತಾನಾಗಿ ಹೆರುವವರು ಹೆಚ್ಚು, ಸೀಜರ್ ಕಡಿಮೆ, ಬೇನೆಯ ಹೊತ್ತೂ ಕಡಿಮೆ.

ಹೀಗೇಕೆ ಎಂದು ಕೇಳಿದ್ದಕ್ಕೆ ಅಣ್ಣನ ಮಗಳು ಹೇಳಿದ್ದು ನನಗೆ ಬಹಳ ಹಿಡಿಸಿತು. ಗರ್ಭಕೋಶವನ್ನು ಹಿಂಡಿಸುವುದು ಆಕ್ಸಿಟೋಸಿನ್ ಎಂಬ ಮೈಯೊಳಗಿನ ರಸ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಓಡು ಎಂದು ಹೇಳುವ ರಸ ಅದು. ಓಡು ಎನ್ನುವ ಮೈ ಹೆರುವುದಾದರೂ ಹೇಗೆ? ಬೇನೆ ನಿಧಾನವಾಗಬಹುದು, ನೋವು ಮಾತ್ರ ಹೆಚ್ಚುತ್ತದೆ. ಆ ಮಾವಶಿಯ ಅಂಗೈ ನನ್ನ ಬೆನ್ನಿಗಷ್ಟೇ ತಾಗಿದ್ದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ.

"ಆದ್ರ ಸರಕಾರಿ ದವಾಖಾನ್ಯಾಗ ಬಿಡಂಗಿಲ್ಲಂತ ಎಲ್ಲಾರೂ ಅಂತಾರಲ್ರೀ?"

ಬಿಡಬೇಕು ಎಂದು ಸರಕಾರವೇ ಹೇಳಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾತಿಗೆ ಅವಕಾಶ ಕೊಟ್ಟಿತು. ಮನೆಯ ಹೆಂಗಸಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು, ಅಂಟುರೋಗ ಇರಬಾರದು, ತೊಳೆದ ಬಟ್ಟೆ ಉಟ್ಟಿರಬೇಕು, ಕೊನೆಯವರೆಗೂ ಜೊತೆಗಿರಲು ಒಪ್ಪಬೇಕು, ಡಾಕ್ಟರ ಕೆಲಸಕ್ಕೆ ಅಡ್ಡ ಬರಬಾರದು, ಬೇರೆ ಮಂಚಗಳ ಕಡೆ ಹೋಗಬಾರದು. ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. 2017ರಲ್ಲಿ ಹೆರಿಗೆ ಕೋಣೆಗಳನ್ನು ಸುಧಾರಿಸಲು ಲಕ್ಷ್ಯ ಎಂಬ ಯೋಜನೆ ಬಂದಾಗ ಅದರಲ್ಲೂ ಈ ಮಾತು ಸೇರಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪ್ರತಿ ಹೆರುವವಳಿಗೂ ಅವಳು ಆರಿಸಿದ ಜೊತೆಗಾರರು ಇರಲಿ ಎಂದಿತು.

ಕಾಗದದಲ್ಲಿದ್ದದ್ದು ಎಲ್ಲ ಬಾಗಿಲುಗಳಿಗೂ ತಲುಪಿಲ್ಲ. ಸಾಲು ಮಂಚದ ಕೋಣೆಯಲ್ಲಿ ಒಬ್ಬಳ ಕಡೆಯವರು ಬಂದರೆ ಪಕ್ಕದವಳ ಮಾನದ ಗತಿಯೇನು ಎಂಬ ಮಾತೊಂದಿದೆ. ಅದು ನ್ಯಾಯವಾದ ಮಾತು. ಆದರೆ ಅದಕ್ಕೆ ಉತ್ತರ ಮಂಚ ಮಂಚದ ನಡುವೆ ಒಂದು ಪರದೆ. ಇಷ್ಟು ದೊಡ್ಡ ಊರು, ಸಮುದ್ರದ ಮೇಲೆ ಸೇತುವೆ ಕಟ್ಟಿದ ಊರು, ಹೆರುವ ಹೆಂಗಸಿಗೆ ಒಂದು ಪರದೆ ಕಟ್ಟಲಾರದೇ? ಈ ಮಾತು ಹೇಳುವಾಗ ನನ್ನ ಸ್ವರ ಏರಿತು. ಎದುರು ಮನೆಯ ಆಜಿ ಕಿಟಕಿಯಿಂದ ಇಣುಕಿ "ಕಾಯ ಝಾಲಂ?" ಎಂದರು. ಏನಿಲ್ಲ ಎಂದೆ.

ಇನ್ನೊಂದು ವಿಷಯವನ್ನೂ ಅವಳಿಗೆ ಹೇಳಿದೆ. ಬೇನೆ ಬರುವಾಗ ಅಂಗಾತ ಮಲಗಿಯೇ ಇರಬೇಕೆಂದಿಲ್ಲ. ತೊಂದರೆ ಇಲ್ಲದ ಹೆರಿಗೆಯಲ್ಲಿ ನಡೆಯಬಹುದು, ಮಗ್ಗುಲಾಗಬಹುದು, ಕೂರಬಹುದು ಎಂದು ಈಗಿನ ಶಾಸ್ತ್ರವೂ ಹೇಳುತ್ತದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯ ಕಲ್ಲಿನ ಮೂರ್ತಿ ಇದೆ, ನಾಗನಾಥಕೊಳ್ಳದಿಂದ ತಂದದ್ದು, ಚಾಲುಕ್ಯರ ಕಾಲದ್ದು. ಮೊಣಕಾಲು ಮಡಿಸಿ, ತೊಡೆ ಅಗಲಿಸಿ, ಹೆರುವ ಭಂಗಿಯಲ್ಲೇ ಇದ್ದಾಳೆ ದೇವಿ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಈಗಲೂ ಮಕ್ಕಳಾಗಲಿ ಎಂದು ಹೆಂಗಸರು ಅವಳಿಗೆ ಹರಕೆ ಹೊರುತ್ತಾರೆ. ಅದನ್ನು ಕಂಡಾಗ ನನಗೆ ನಾಚಿಕೆ ಆಗಲಿಲ್ಲ, ಧೈರ್ಯ ಬಂತು.

"ಎರಡು ಬೆರಳು ಅಂದ್ರ ಏನರೀ ಅಕ್ಕಾ?" ಅವಳು ಅದನ್ನು ಮರೆತಿರಲಿಲ್ಲ.

ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬ ಅಳತೆ ಅದು. ಪೂರ್ತಿ ತೆರೆದರೆ ಹತ್ತು ಸೆಂಟಿಮೀಟರ್. ಐದರ ತನಕ ನಿಧಾನ, ಒಬ್ಬೊಬ್ಬರಿಗೆ ಒಂದೊಂದು ತರ. ಅಲ್ಲಿಂದ ಮುಂದೆ ಚೊಚ್ಚಲಿಗೆ ಸಾಮಾನ್ಯವಾಗಿ 12 ತಾಸು ಮೀರುವುದಿಲ್ಲ. ತಾಸಿಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಕೂಡಿಬರುವುದಿಲ್ಲ ಎಂದೂ ವಿಶ್ವ ಆರೋಗ್ಯ ಸಂಸ್ಥೆಯ ಆ 2018ರ ಪುಸ್ತಕದಲ್ಲಿದೆಯಂತೆ. ಇಷ್ಟು ಗೊತ್ತಿದ್ದಿದ್ದರೆ ಆ ರಾತ್ರಿ ನನಗೆ ಎಷ್ಟು ಹಗುರಾಗುತ್ತಿತ್ತು. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆಯಾಯಿತು ಅನ್ನಿಸಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಬೇನೆಗೆ ಕಾಯಬೇಡ, 108ಕ್ಕೆ ಫೋನು ಮಾಡು, ಗೋಡೆ ತಟ್ಟು ಎಂದೆ. ದುಡ್ಡಿನ ಚಿಂತೆಯೂ ಬೇಡ. 2011ರಿಂದ ಸರಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಆಗಲಿ, ಸೀಜರ್ ಆಗಲಿ, ಔಷಧಿ, ಊಟ, ರಕ್ತ ಎಲ್ಲ ಬಿಟ್ಟಿ. ಮಗು ತೋರಿಸಿ "ಖುಷಿ" ಎಂದು ಕೈ ಚಾಚುವವರು ಇದ್ದಾರೆ, ಕೊಡಲೇಬೇಕೆಂದು ಯಾವ ಕಾಯಿದೆಯೂ ಇಲ್ಲ. ನನ್ನ ಮಾವಶಿ ಕೇಳಿರಲಿಲ್ಲ. ಡಿಸ್ಚಾರ್ಜ್ ಆಗುವ ದಿನ ಅಮ್ಮ ತಾವಾಗಿ ಹೋಗಿ, ಊರಿಂದ ತಂದಿದ್ದ ಒಂದು ಹೊಸ ರವಿಕೆ ಕಣ ಅವರ ಕೈಗಿಟ್ಟು ಕನ್ನಡದಲ್ಲಿ ಏನೇನೋ ಹೇಳಿದರು. ಅವರು ಮರಾಠಿಯಲ್ಲಿ ಏನೇನೋ ಹೇಳಿದರು.

ಅವಳ ಅವ್ವ ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಬರುವವರಿದ್ದಾರೆ, ಒಂಬತ್ತು ತುಂಬುವ ಮೊದಲೇ. ಅಂಟಿನ ಉಂಡಿ, ಅಳವಿ ಎಲ್ಲ ಕಟ್ಟಿ ಇಟ್ಟಾಗಿದೆಯಂತೆ. ದಾದರಿನಲ್ಲಿ ಇಳಿದು ನಮ್ಮ ಲೈನಿನ ಲೋಕಲ್ ಹಿಡಿಯುವುದು ಅವರಿಗೆ ತಿಳಿಯುವುದಿಲ್ಲ, ಅಳಿಯ ಹೋಗಿ ಕರೆತರುತ್ತಾನೆ.

"ಅವ್ವ ಬರೂದ್ರೊಳಗs ಬ್ಯಾನಿ ಬಂದ್ರ?"

"ನಾನಿದ್ದೇನಲ್ಲ ಮಾರಾಯ್ತಿ. ನಾನೂ ಹೆತ್ತವಳೇ. ಕೇಳಿದರೆ ಅಕ್ಕ ಅಂತ ಹೇಳು."

"ನಿಮ್ಮನ್ನ ಬಿಡ್ತಾರೇನ್ರಿ?"

"ಈಗಲೇ ಕೇಳಿ ಇಡುವ. ಬೇನೆ ಬಂದ ಮೇಲೆ ಬಾಗಿಲಲ್ಲಿ ನಿಂತು ಜಗಳ ಮಾಡಿದರೆ ಯಾರಿಗೂ ಸುಖ ಇಲ್ಲ."

ನಳ್ಳಿಯಲ್ಲಿ ನೀರು ಬಂತು, ಕೊಡಗಳ ಸದ್ದು ಶುರುವಾಯಿತು. ಅವಳು ಕೊಡ ಎತ್ತಬಾರದು, ನಾನೇ ತುಂಬಿಸಿಕೊಟ್ಟೆ. ಬುಧವಾರ ಅವಳ ಓಪಿಡಿ ಇದೆ. ಹೋದಾಗ ಸಿಸ್ಟರಿನ ಹತ್ತಿರ ಮೆತ್ತಗೆ ಕೇಳಿ, ಒಪ್ಪಿದರೆ ಕೇಸ್ ಪೇಪರಿನ ಮೇಲೆ ಎರಡು ಹೆಸರು ಬರೆಸಿಕೊಂಡು ಬಾ ಎಂದೆ. ಮೊದಲು ಅವ್ವನದು, ಅದರ ಕೆಳಗೆ ನನ್ನದು.